ಹೊಸದು ಮ್ಯಾಲ, ಹಳೇದು ಕೆಳಗ

ಬ್ಲಾಗ್ ಬರಿಯೋದು ಕಷ್ಟ ಅಲ್ರಿ. ಅದು ಏನಂತ ನಮ್ಮ ಮಂದಿಗೆ ತಿಳಿಸೋದ್ರಾಗ ಅರ್ಧ ಆಯುಷ್ಯ ಹೋಗತದ. ಇಂಥಾ ಪ್ರಸಂಗ ನನಗ ಆಗ್ತಾನೇ ಇರತಾವ, ಪ್ರತಿ ಸಲ ನನ್ನ ಬಿ.ಪಿ. ಏರತದ.

ನಾನು ಶಹಾಪುರದಾಗ ಹೈಸ್ಕೂಲ್ ಮಾಸ್ತರ. ಊರಾಗ ಮೂರು ಎಕರೆ ಭತ್ತ ಅದ, ಕಾಲುವಿ ಕಟ್ಟಕಡೀ ತುದ್ಯಾಗ. ಕಾಲುವಿ ಬಂದು ಇಷ್ಟು ವರ್ಷ ಆದರೂ ತುದಿಯವರಿಗೆ ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನೋ ಹಣೇಬರಾನೇ. ಒಂದು ವರ್ಷ ಭತ್ತ ಕಾಳು ಕಟ್ಟೋ ಹೊತ್ತಿಗೆ ಸರಿಯಾಗಿ ನೀರು ನಿಂತ್ವು. ಹದಿನೈದು ದಿನದಾಗ ಬರಲಿಲ್ಲಂದ್ರ ನಂದಷ್ಟೇ ಅಲ್ಲ, ತುದಿಯ ಮೂವತ್ತು ಮನೀದೂ ಬರೇ ಜೊಳ್ಳು. ಆ ಸಿಟ್ಟಿನಾಗ ಬ್ಲಾಗ್ ಸುರು ಮಾಡಿದೆ. ದಿನಾ ಸಾಲಿ ಬಿಟ್ಟ ಮ್ಯಾಲ ಇಂಟರ್ನೆಟ್ ಅಂಗಡ್ಯಾಗ ಕೂತು "ಇವತ್ತೂ ನೀರಿಲ್ಲ" ಅಂತ ಬರೀತಿದ್ದೆ.

೧. ಸಿಕ್ಕಾ

ಮೂರನೇ ದಿನ ದೇವಾಪುರದ ಹಿರಿಯರೊಬ್ರು ಪಹಣಿ ಅರ್ಜಿ ಹಿಡಕೊಂಡು ನಮ್ಮ ಮನಿ ಬಾಗಲಾಗ ನಿಂತಿದ್ರು.

"ವೆಬ್‌ಸೈಟಿನ ಆಫೀಸು ಇದೇ ಏನ್ರಿ?"

"ಇದು ನನ್ನ ಮನಿ ರೀ. ಅರ್ಜಿ ತಗೊಳ್ಳೋದು ಸರಕಾರದ ವೆಬ್‌ಸೈಟು. ನಂದು ಬ್ಲಾಗು. ನಾನು ಕಂಡದ್ದು ನಾನು ಬರೀತೀನಿ, ಅಷ್ಟೇ."

"ಅಂದ್ರ ಒಬ್ಬರೇ ಇದ್ದೀರಿ. ಅರ್ಜಿ ಮ್ಯಾಲ ಸಹಿ ಮಾಡಿ ಸಿಕ್ಕಾ ಹೊಡಿಯೋರೂ ನೀವೇ?"

"ಸಿಕ್ಕಾ ಗಿಕ್ಕಾ ಏನೂ ಇಲ್ಲ! ನಾಳೆ ಬಂದ್ರೂ ಇಲ್ಲ!" ಅಂತ ಒದರಿದೆ.

ಅವರು ಆರಾಮ ಕಟ್ಟಿ ಮ್ಯಾಲ ಕೂತ್ರು. "ಸಿಟ್ಟು ನೋಡಿದ್ರ ಸರಕಾರಿ ಆಫೀಸೇ ಅದ. ಸುಳ್ಳು ಹೇಳಬ್ಯಾಡ್ರಿ" ಅಂದ್ರು.

೨. ಫೋಟೋ

ನಮ್ಮ ಹೆಡ್ಮಾಸ್ತರ್ ಕರದ್ರು. "ಏನ್ರಿ ಇದು? ಸಾಲಿ ವೆಬ್‌ಸೈಟ್ ನೋಡ್ರಿ, ಅಧ್ಯಕ್ಷರ ಫೋಟೋ ಅದ, ಕಾರ್ಯದರ್ಶಿ ಫೋಟೋ ಅದ, ನಂದೂ ಅದ. ನಿಮ್ಮದರಾಗ ಹಿರ್ಯಾರು ಯಾರೂ ಇಲ್ಲ!"

ನನಗ ಉರದುಹೋತು. "ಸರ್, ಅದು ಬೋರ್ಡ್ ಇದ್ದಂಗ. ಎರಡು ವರ್ಷದ ಹಿಂದಿನ ಸುದ್ದಿ ಇನ್ನೂ 'ಹೊಸದು' ಅಂತ ಮಿಣಕಾಕತ್ತದ. ನಂದು ದಿನಾ ತಾರೀಖ ಹಾಕಿ ಬರಿಯೋದು. ಬರದದ್ದಕ್ಕ ನಾನೇ ಜವಾಬ್ದಾರ."

"ಬೈಸ್ಕೊಳ್ಳೋದೂ ನೀವೇ?"

"ನಾನೇ."

"ಹಂಗಾರ ನನ್ನ ಫೋಟೋ ಬ್ಯಾಡ ಬಿಡ್ರಿ."

೩. ಮಾವ ಓದಿದ್ದು

ನಮ್ಮ ಗಬ್ಬದ ಎಮ್ಮಿಗೆ ಹೊಟ್ಟಿ ಉಬ್ಬಿತ್ತು. ಉಬ್ಬಿದ್ದು ಒಂದಿನ, ದವಾಖಾನಿಗೆ ಒಯ್ದದ್ದು ಒಂದಿನ, ಆರಾಮಾದದ್ದು ಒಂದಿನ, ಬ್ಲಾಗಿನ್ಯಾಗ ಅದನ್ನೂ ಬರದೆ. ಮನಸಿಗೆ ಬಂದದ್ದೆಲ್ಲ ಬರಿಯೋದೇ ಬ್ಲಾಗು, ನೀರೂ ಅದ, ಎಮ್ಮೀನೂ ಅದ. ನನ್ನ ಹೆಂಡ್ತಿ ತಂದಿ ಸುರಪುರದಿಂದ ಅದನ್ನ ಓದಿ ಕೆಂಡ ಆಗಿ ಬಂದ್ರು.

"ಅಳಿಯಾ, ನಿನಗ ಬುದ್ಧಿ ಅದ ಏನು? ಎಮ್ಮಿ ಆರಾಮಾತು ಅಂತ ಬರದಿ. ಆರಾಮಾದ ಎಮ್ಮಿನ್ನ ದವಾಖಾನಿಗೆ ಹೊಡಕೊಂಡು ಹೋದಿ! ಕಡೀಕ ಅದಕ್ಕ ಹೊಟ್ಟಿ ಉಬ್ಬಿಸಿ ಕುಂದ್ರಿಸಿದಿ!"

"ಮಾವಾ, ಹೊಸದು ಮ್ಯಾಲ ಇರತದ, ಹಳೇದು ಕೆಳಗ ಇರತದ. ಕೆಳಗಿಂದ ಓದಬೇಕು."

"ಎಪ್ಪತ್ತು ವರ್ಷ ಮ್ಯಾಲಿಂದ ಓದೀನಿ. ನಿನ್ನ ಎಮ್ಮಿ ಸಲುವಾಗಿ ತಲಿ ಕೆಳಗ ಮಾಡ್ಲೇನು?"

ಕೋಣನ ಮುಂದ ಕಿನ್ನರಿ ಬಾರಿಸಿದಂಗಾತು. ಮಾವ ಅಂತ ಚಹಾ ಕುಡಿಸಿ ಕಳಿಸಿದೆ.

೪. ಸಾಹೇಬ್ರು

ಹತ್ತನೇ ದಿನ ಕಾಲುವಿ ಆಫೀಸಿನ ಸಾಹೇಬ್ರ ಫೋನ್. "ನಮ್ಮ ವೆಬ್‌ಸೈಟಿನ್ಯಾಗ 'ತುದಿಗೆ ನೀರು ತಲುಪಿದೆ' ಅಂತ ಅದ. ಇಲ್ಲ ಅನ್ನಾಕ ನೀವ್ಯಾರ್ರಿ?"

"ಭತ್ತ ನಿಮ್ಮ ವೆಬ್‌ಸೈಟ್ ಕುಡದು ಬದುಕತದೇನ್ರಿ? ಯಾವಾಗ ತಲುಪಿದ್ವು? ತಾರೀಖ ಎಲ್ಲದ? ನಂದು ಸುಳ್ಳು ಅನಸಿದ್ರ ಕೆಳಗ ಜಾಗಾ ಬಿಟ್ಟೀನಿ, ನೀವೂ ಬರೀರಿ!"

ಬರದೇ ಬಿಟ್ರು, ಪುಣ್ಯಾತ್ಮರು. "ನೀರು ತಲುಪಿದೆ." ಸಂಜೀಕ ತುದಿಯ ಮೂವತ್ತು ಮನಿಯವರೂ ಇಂಟರ್ನೆಟ್ ಅಂಗಡಿ ಮುಂದ ಪಾಳಿ ಹಚ್ಚಿ ನಿಂತು ಅದರ ಕೆಳಗ ಬರಸಿದ್ರು. "ನಮ್ಮ ಹೊಲಕ್ಕಿಲ್ಲ." "ನಮ್ಮದಕ್ಕೂ ಇಲ್ಲ." ಒಬ್ಬಾಕಿ ಮುದುಕಿ "ಎಲ್ಲಿ ಮುಟ್ಯಾವೋ ಬಂದು ತೋರಸಪಾ" ಅಂತ ಬರಸಿದ್ಲು.

ಮುಂದಿನ ವಾರ ದೊಡ್ಡ ಸಾಹೇಬ್ರು ತಪಾಸಣಿಗೆ ಬರೋರಿದ್ರು, ಅವರೂ ಬ್ಲಾಗ್ ನೋಡತಾರಂತ ಸುದ್ದಿ ಹಬ್ಬಿತು. ನಮ್ಮ ಸಾಹೇಬ್ರು ಮತ್ತ ಫೋನ್ ಮಾಡಿದ್ರು, ದನಿ ಬೆಣ್ಣಿ ಆಗಿತ್ತು. "ಮಾಸ್ತರ್ರ, ಅದನ್ನ ತಗದುಬಿಡ್ರಿ."

"ತಗಿಯಂಗಿಲ್ಲ."

"ಜರಾ ಕೆಳಗರ ಸರಸ್ರಿ. ದೊಡ್ಡ ಸಾಹೇಬ್ರು ಮ್ಯಾಲಿಂದಷ್ಟೇ ಓದತಾರ."

"ಅದು ಕೆಳಗ ಹೋಗಬೇಕಂದ್ರ ನಾನು ಹೊಸದು ಬರೀಬೇಕು. 'ನೀರಿಲ್ಲ' ಅನ್ನೋದು ಬಿಟ್ಟು ಹೊಸದು ಬರೀಬೇಕಂದ್ರ ನೀರು ಬರಬೇಕು."

ಮರುದಿನ ಮಧ್ಯಾಹ್ನ ನೀರು ಬಂದ್ವು! ಬದುವಿನ ಮ್ಯಾಲ ನಿಂತು ಖರೇನೇ ಅತ್ತೆ. "ಇವತ್ತು ನೀರು ಬಂದ್ವು" ಅಂತ ಬರದೆ. ಎರಡೇ ದಿನಕ್ಕ ಮತ್ತ ಗೇಟ್ ಹಾಕಿದ್ರು, ದುಷ್ಟರು. ಭತ್ತಕ್ಕ ಇನ್ನೊಂದು ನೀರು ಬೇಕೇ ಬೇಕಿತ್ತು. ಬೈದು ಬರೀಬೇಕು ಅಂತ ಹಲ್ಲು ಕಡಕೊಂಡು ಹೊಂಟಿದ್ದೆ, ಅಷ್ಟರಾಗ ಎಮ್ಮಿ ಈತು. ಸಿಟ್ಟು ಮರತು ಬ್ಲಾಗಿಗೆ ಕರುವಿನ ಫೋಟೋ ಹಾಕಿದೆ.

ಹತ್ತು ನಿಮಿಷದಾಗ ಫೋನ್. "ಮಾಸ್ತರ್ರ, ಏನು ಮಾಡಿದ್ರಿ! ನಾಳೆ ದೊಡ್ಡ ಸಾಹೇಬ್ರು ಬರತಾರ. ನಮ್ಮ ನೀರು ನಿಮ್ಮ ಎಮ್ಮಿ ಕೆಳಗ ಹೋದ್ವಲ್ರಿ!"

"ನೀರು ಬಿಡ್ರಿ, ಮತ್ತ ಮ್ಯಾಲ ಬರತಾವ" ಅಂದೆ.

ಬಿಟ್ರು. ಆ ವರ್ಷ ಮೂವತ್ತು ಮನೀಗೂ ಭತ್ತ ಬಂತು. ಈಗಲೂ ಕಾಲುವಿ ಬತ್ತಿದ ಕೂಡಲೇ ತುದಿಯ ಮಂದಿ ನಮ್ಮ ಮನಿಗೇ ಬರತಾರ. ಆಫೀಸಿಗೆ ಹೋಗ್ರೋ ಅಂತ ಒದರಿದ್ರೂ ಕೇಳಂಗಿಲ್ಲ. ಸೀದಾ ಕೊಟ್ಟಿಗ್ಯಾಗ ಹಣಿಕಿ ಹಾಕಿ ಕೇಳತಾರ, "ಮಾಸ್ತರ್ರ, ಎಮ್ಮಿ ಮತ್ತ ಯಾವಾಗ ಈಯತದ್ರಿ?"