ಸೀರೆಯ ಮೇಲೆ ಶರಾವತಿ

ಹೆಂಡತಿಗೆ ಒತ್ತಾಸೆಯಾಗಿ ನಿಲ್ಲುವ ಗಂಡಸರು ನಮ್ಮ ಹೊಸನಗರದಲ್ಲಿ ಕಡಿಮೆ ಎಂಬುದು ನನ್ನ ಬಹುಕಾಲದ ಅಭಿಪ್ರಾಯವಾಗಿತ್ತು. ಆ ಕೊರತೆಯನ್ನು ನಾನೇ ತುಂಬಬಹುದೆಂದು ಒಂದು ಸೋಮವಾರ ಬೆಳಿಗ್ಗೆ ನನಗೆ ಹೊಳೆಯಿತು. ಯಾರೂ ಕೇಳಿರಲಿಲ್ಲ. ತಾನಾಗಿಯೇ ಹೊಳೆಯಿತು.

ಲಿಂಗನಮಕ್ಕಿಯಲ್ಲಿ ಅಣೆಕಟ್ಟೆ ಏಳುತ್ತಿದ್ದ ಕಾಲ ಅದು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ನನ್ನ ಹೆಂಡತಿ ಜಲಜಾಕ್ಷಿ ಪ್ರೈಮರಿ ಶಾಲೆಯಲ್ಲಿ ನಾಲ್ಕನೇ ತರಗತಿಯ ಅಕ್ಕೋರು. ಹಾಗಾಗಿ ನಮ್ಮ ಬೀದಿಯಲ್ಲಿ ನನಗೆ ಸ್ವಂತ ಹೆಸರಿರಲಿಲ್ಲ. 'ಅಕ್ಕೋರ ಯಜಮಾನ್ರು' ಎಂದರೆ ಎಲ್ಲರಿಗೂ ಗೊತ್ತಾಗುತ್ತಿತ್ತು.

ಜಲಜಳದು ಮೂರು ವರ್ಷದಿಂದ ತಾತ್ಕಾಲಿಕ ನೌಕರಿ. ಆ ಗುರುವಾರ ಇನ್ಸ್‌ಪೆಕ್ಟರ್ ಸಾಹೇಬರು ಶಾಲೆಗೆ ಬಂದು ಅವಳ ಪಾಠ ಕೇಳುವವರಿದ್ದರು. ಮೆಚ್ಚಿದರೆ ಕೆಲಸ ಕಾಯಂ. ಮೆಚ್ಚದಿದ್ದರೆ ಕೆಲಸವೇ ಇಲ್ಲ. ಈ ಸುದ್ದಿ ಬಂದಾಗಿನಿಂದ ಅವಳು ಅವಳಾಗಿ ಉಳಿದಿರಲಿಲ್ಲ. ಕಾಫಿಗೆ ಉಪ್ಪು ಹಾಕಿದಳು. ಕುಡಿದೆ. ಬಚ್ಚಲಲ್ಲಿ ನಾನು ಬಾಯಿ ಮುಕ್ಕಳಿಸುತ್ತಿದ್ದರೆ, "ಸದ್ದು! ಯಾರದು ಗಲಾಟೆ?" ಎಂದು ಗದರಿದಳು. ನಾನು ಕೈ ಕಟ್ಟಿಕೊಂಡು ನಿಂತೆ.

ಅಂದೇ ಕಚೇರಿಗೆ ಹೋಗಿ 'ಪತ್ನಿಯ ಮನಃಕ್ಲೇಶ ನಿವಾರಣಾರ್ಥ' ಮೂರು ದಿನದ ರಜೆಗೆ ಅರ್ಜಿ ಬರೆದುಕೊಟ್ಟೆ. ಮನೆಗೆ ಬಂದು ಘೋಷಿಸಿದೆ:

"ನಾಳೆಯಿಂದ ನೀನು ಮನೆಕೆಲಸ ಮುಟ್ಟೋ ಹಾಗಿಲ್ಲ. ಪಾಠ ಒಂದು ನೋಡ್ಕೋ. ಉಳಿದದ್ದೆಲ್ಲ ನಂದು."

ಜಲಜ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ನಿಮ್ಗೆ ಹುಷಾರಿದ್ಯಲ್ಲ?" ಎಂದಳು.

ಮಂಗಳವಾರ ಅವಳು ಶಾಲೆಯಿಂದ ಬಂದು ಒಳಕೋಣೆಯಲ್ಲಿ ತನಗೆ ತಾನೇ ಪಾಠ ಒಪ್ಪಿಸಿಕೊಳ್ಳತೊಡಗಿದಳು. 'ನಮ್ಮ ಜಿಲ್ಲೆಯ ನದಿ' ಎಂಬ ಪಾಠ. "ಮಕ್ಕಳೇ, ಶರಾವತಿ ತೀರ್ಥಹಳ್ಳಿ ಹತ್ತಿರದ ಅಂಬುತೀರ್ಥದಲ್ಲಿ ಹುಟ್ಟಿ, ನಮ್ಮೂರ ಸೀಮೆ ದಾಟಿ, ಸಾಗರ ತಾಲ್ಲೂಕಿನ ಜೋಗದಲ್ಲಿ ಧುಮುಕಿ, ಪಶ್ಚಿಮದ ಸಮುದ್ರ ಸೇರ್ತದೆ." ಒಳ್ಳೆಯ ಕಂಚಿನ ಕಂಠ. ಕೇಳಿ ನನಗೇ ಹೆಮ್ಮೆಯಾಯಿತು. ಅಡುಗೆಮನೆಯ ಸದ್ದಿನಿಂದ ಅವಳ ಏಕಾಗ್ರತೆ ಕೆಡಬಾರದೆಂದು ಸೌಟನ್ನು ಕೂಡ ಮೆಲ್ಲಗೆ ಇಟ್ಟೆ. ಬೀದಿಯ ಗದ್ದಲ ಒಳಗೆ ಬಾರದಿರಲೆಂದು ಮುಂಬಾಗಿಲು, ಹಿತ್ತಿಲ ಬಾಗಿಲು ಎರಡನ್ನೂ ಹಾಕಿದೆ, ಕಿಟಕಿಗಳನ್ನೂ ಹಾಕಿದೆ.

ಆಮೇಲೆ ಸಾರಿನ ಪುಡಿಗೆಂದು ಮೆಣಸಿನಕಾಯಿ ಹುರಿಯಲು ಕೂತೆ.

ಒಂದು ಸಾರಿಗೆ ಏಕೆ, ಒಂದು ತಿಂಗಳಿಗಾಗುವಷ್ಟು ಮಾಡಿಡೋಣ ಎಂಬುದು ನನ್ನ ದೂರದೃಷ್ಟಿ. ಬಾಣಲೆಯ ತುಂಬ ಒಣಮೆಣಸು ಸುರಿದೆ. ಒಲೆಯ ಉರಿ ಚೆನ್ನಾಗಿಯೇ ಇತ್ತು. ಮೆಣಸು ಕೆಂಪಾಯಿತು, ಕಂದಾಯಿತು, ಕಪ್ಪಾಯಿತು. ಮುಂದಿನದು ನನಗೆ ಕಾಣಲಿಲ್ಲ. ಕಣ್ಣು ಬಿಡಲಾಗುತ್ತಿರಲಿಲ್ಲ!

ಹೊರಗೆ ದಾರಿಯಿಲ್ಲದ ಘಾಟು ನೇರವಾಗಿ ಒಳಕೋಣೆಗೆ ನುಗ್ಗಿತು. ಶರಾವತಿ ಜೋಗದವರೆಗೂ ತಲುಪಲಿಲ್ಲ, ನಡುದಾರಿಯಲ್ಲೇ ಕೆಮ್ಮಿತು. ಇಬ್ಬರೂ ಬೀದಿಗೆ ಓಡಿದೆವು. ಪಕ್ಕದ ಮನೆಯ ಭಾಗೀರಥಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಆಗಲೇ ಅಲ್ಲಿ ನಿಂತಿದ್ದರು.

"ಎಂತ ಮಾರಾಯ್ರೆ ಇದು! ದೆವ್ವ ಬಿಡಿಸ್ತಿದೀರಾ ಒಳಗೆ?"

"ಸಾರಿನ ಪುಡಿ ಮಾಡ್ತಿದ್ದೆ," ಎಂದೆ.

"ಯಾರಿಗೆ? ಇಡೀ ತಾಲ್ಲೂಕಿಗಾ?"

ಎರಡು ಗಂಟೆ ಕೆಮ್ಮಿದ ಮೇಲೆ ಜಲಜಳ ಕಂಚಿನ ಕಂಠದಲ್ಲಿ ಉಳಿದದ್ದು ಬಾಗಿಲು ಕಿರುಗುಟ್ಟುವಂಥ ಒಂದು ದನಿ. ನಾನು ತಡಮಾಡದೆ ಕಾಳುಮೆಣಸಿನ ಕಷಾಯ ಕಾಯಿಸಿದೆ. ಗುಣ ಬೇಗ ಕಾಣಲೆಂದು ಕಾಳುಮೆಣಸನ್ನು ಧಾರಾಳವಾಗಿ ಹಾಕಿದೆ. ಗುಣ ಬೇಗ ಕಂಡಿತು. ಆ ಕಿರುಗುಟ್ಟುವ ದನಿಯೂ ನಿಂತುಹೋಯಿತು!

ಬುಧವಾರ ಜಲಜ ಸ್ಲೇಟು ಹಿಡಿದುಕೊಂಡೇ ಎದ್ದಳು. ಅದರ ಮೇಲೆ ಬರೆದು ತೋರಿಸಿದಳು: 'ಮಾತಾಡಲು ಆಗುವುದಿಲ್ಲ. ನಕ್ಷೆ ಬರೆದು ಪಾಠ ಮಾಡುತ್ತೇನೆ.' ಶಾಲೆಗೆ ಹೋಗುವ ಮುಂಚೆ ಕೂತು, ಮೇಜಿನಷ್ಟು ದೊಡ್ಡ ಕಾಗದದ ಮೇಲೆ ಶರಾವತಿಯನ್ನು ಬರೆದಳು. ನೀಲಿ ಮಸಿಯಲ್ಲಿ ಹೊಳೆ, ಕೆಂಪಿನಲ್ಲಿ ಗುಡ್ಡ, ಹಸಿರಿನಲ್ಲಿ ಕಾಡು, ಒಂದೊಂದು ಊರಿಗೂ ದಪ್ಪಕ್ಷರದ ಹೆಸರು. ಅದನ್ನು ಮೇಜಿನ ಮೇಲೆ ಹರಡಿ, ಒಣಗಲಿ ಎಂದು ಸನ್ನೆ ಮಾಡಿ ಹೊರಟಳು. ಹೊಸ್ತಿಲಲ್ಲಿ ನಿಂತು ಸ್ಲೇಟಿನಲ್ಲಿ ಇನ್ನೊಂದು ಸಾಲು ಬರೆದು ತೋರಿಸಿದಳು: 'ದಯವಿಟ್ಟು ಏನೂ ಮಾಡಬೇಡಿ.'

ಸಂಕೋಚದ ಹೆಂಗಸು, ಹಾಗೆ ಬರೆದಿದ್ದಾಳೆ ಎಂದುಕೊಂಡೆ.

ಅವಳು ಸಾಹೇಬರು ಬರುವ ದಿನ ಉಡಲೆಂದು ಎತ್ತಿಟ್ಟಿದ್ದ ಸೀರೆ ಗೂಟದ ಮೇಲಿತ್ತು. ಕೆಂಪು ಅಂಚಿನ ಬಿಳಿ ಹತ್ತಿ ಸೀರೆ. ಮೂಸಿ ನೋಡಿದೆ. ಮೆಣಸಿನ ಘಾಟು! ಅದನ್ನು ಉಟ್ಟುಕೊಂಡು ಹೋದರೆ ಸಾಹೇಬರು ಸೀನುವುದು ಖಂಡಿತ. ತಪ್ಪು ನನ್ನದು, ತಿದ್ದುವುದೂ ನನ್ನ ಧರ್ಮ. ಒಗೆದೆ. ಗರಿಗರಿಯಾಗಿರಲೆಂದು ಗಂಜಿ ಹಾಕಿದೆ. ಎಷ್ಟು ಗಂಜಿ ಎಂದು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಇದ್ದದ್ದೆಲ್ಲ ಹಾಕಿದೆ. ಒಂದು ಗಂಟೆಯ ಬಿಸಿಲಿಗೆ ಸೀರೆ ಹೊರಗೆ ಗಟ್ಟಿಯಾಯಿತು, ಒಳಗೆ ಹಸಿಯಾಗಿಯೇ ಉಳಿಯಿತು. ತಂತಿಯಿಂದ ತೆಗೆದು ಗೋಡೆಗೆ ಒರಗಿಸಿದರೆ ತಾನೇ ನಿಂತುಕೊಂಡಿತು.

ಇಸ್ತ್ರಿ ಪೆಟ್ಟಿಗೆಯನ್ನು ಭಾಗೀರಥಮ್ಮನವರಿಂದ ತಂದು ಕೆಂಡ ತುಂಬಿದೆ. ಮನೆಯಲ್ಲಿದ್ದದ್ದು ಒಂದೇ ಮೇಜು, ಅದರ ಮೇಲೆ ನಕ್ಷೆ. ನಕ್ಷೆಯ ಮೂಲೆಗಳು ಸುರುಳಿ ಸುತ್ತಿಕೊಳ್ಳುತ್ತಿದ್ದವು. ಸೀರೆಯನ್ನು ನಕ್ಷೆಯ ಮೇಲೆಯೇ ಹಾಸಿ ಒತ್ತಿದರೆ ಸೀರೆಯೂ ನೆಟ್ಟಗಾಗುತ್ತದೆ, ನಕ್ಷೆಯೂ ನೆಟ್ಟಗಾಗುತ್ತದೆ! ಇಂಥ ಬುದ್ಧಿ ಕಚೇರಿಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡದವರಿಗೆ ಬರುವಂಥದ್ದಲ್ಲ.

ಚೆನ್ನಾಗಿ ಭಾರ ಬಿಟ್ಟು ಒತ್ತಿದೆ. ಸೀರೆಯಿಂದ ಹಬೆ ಎದ್ದಿತು. ಎತ್ತಿ ನೋಡಿದೆ.

ಶರಾವತಿ ಕಾಗದ ಬಿಟ್ಟು ಸೀರೆಗೆ ಬಂದಿತ್ತು.

ಗುಡ್ಡವೂ ಬಂದಿತ್ತು, ಕಾಡೂ ಬಂದಿತ್ತು. ಗಂಜಿಯ ದಪ್ಪಕ್ಕೆ ಮಸಿ ಆಚೆ ಬದಿಗೆ ದಾಟಿರಲಿಲ್ಲ. ಈಚೆ ಬದಿಯಲ್ಲಿ ಎಲ್ಲವೂ ತಿರುಗುಮುರುಗು. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಬೆನ್ನು ತಿರುಗಿಸಿದ್ದವು. ಸಾಗರ ಬಲಗಡೆ, ತೀರ್ಥಹಳ್ಳಿ ಎಡಗಡೆ. ಕಾಗದದ ಮೇಲೆ ಉಳಿದದ್ದು ಬಣ್ಣದ ಕೆಸರು.

ಸಂಜೆ ಬಂದ ಜಲಜ ಮೇಜಿನ ಮುಂದೆ ನಿಂತಳು. ಬಾಯಿ ತೆರೆದಳು. ಸದ್ದೇ ಬರಲಿಲ್ಲ. ಎರಡು ದಿನದಲ್ಲಿ ನನಗೆ ನಿಜವಾಗಿ ಭಯವಾದದ್ದು ಆಗ. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ. ಅವಳು ಅಲ್ಲೇ ನೆಲಕ್ಕೆ ಕೂತು, ಮಂಡಿಗೆ ಹಣೆ ಹಚ್ಚಿ ಅತ್ತಳು. ಮದುವೆಯಾಗಿ ಆರು ವರ್ಷಕ್ಕೆ ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಏನು ಮಾಡಬೇಕೆಂದು ತೋಚಲಿಲ್ಲ. ಎದುರಿಗೆ ಕೂತೆ.

"ತಪ್ಪಾತು ಜಲಜ," ಎಂದೆ. "ಒಳ್ಳೇದಾಗ್ಲಿ ಅಂತ ಮಾಡಿದ್ದು."

ಅವಳು ಸ್ಲೇಟು ಎಳೆದುಕೊಂಡು ಬರೆದಳು: 'ಗೊತ್ತು. ಅದೇ ಕಷ್ಟ.'

ಬಹಳ ಹೊತ್ತು ಸೀರೆಯನ್ನೇ ನೋಡುತ್ತಿದ್ದಳು. ಆಮೇಲೆ ಕಣ್ಣೊರೆಸಿಕೊಂಡು ಬರೆದಳು: 'ನಾಳೆ ಇದನ್ನೇ ಹೊತ್ತುಕೊಂಡು ಶಾಲೆಗೆ ಬನ್ನಿ. ಮಡಿಸಬೇಡಿ.' ಮಡಿಸಲು ಬರುವಂತೆಯೂ ಇರಲಿಲ್ಲ.

ಗುರುವಾರ ಭಾಗೀರಥಮ್ಮ ಕೊಟ್ಟ ಸೀರೆ ಉಟ್ಟು ಜಲಜ ಮುಂದೆ ಹೋದಳು. ಹಿಂದೆ ನಾನು, ಸುರುಳಿ ಚಾಪೆಯಂಥ ಸೀರೆಯನ್ನು ಹೆಗಲ ಮೇಲಿಟ್ಟುಕೊಂಡು. ಅದನ್ನು ಕರಿಹಲಗೆಯ ಪಕ್ಕದ ಗೋಡೆಗೆ ತೂಗುಹಾಕಿ ಹೊರಗೆ ಬಂದು ಕಿಟಕಿಯ ಬಳಿ ನಿಂತೆ.

ಸಾಹೇಬರು ಬಂದು ಕೂತರು. ಸೀರೆ ನೋಡಿ ಕನ್ನಡಕ ಸರಿಮಾಡಿಕೊಂಡರು. ಜಲಜ ಒಂದು ಮಾತೂ ಆಡಲಿಲ್ಲ. ಕೋಲಿನಿಂದ ನಕ್ಷೆ ತೋರಿಸಿ, ಮಕ್ಕಳ ಕಡೆ ತಿರುಗಿ, ಹುಬ್ಬೇರಿಸಿ ನಿಂತಳು. ನಾನು ಕಿಟಕಿಯ ಸರಳು ಗಟ್ಟಿಯಾಗಿ ಹಿಡಿದುಕೊಂಡೆ. ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೂಗಿದಳು:

"ಅಕ್ಕೋರೇ, ಹೊಳೆ ತಿರುಗಾ ಹೋಗ್ತದೆ! ಸಮುದ್ರ ಆ ಕಡೆ ಅಲ್ದಾ?"

ಅಷ್ಟೇ ಸಾಕಾಯಿತು. "ಸಾಗರ ಈ ಕಡೆ ಬರ್ಬೇಕು!" "ಅಕ್ಷರ ಉಲ್ಟಾ ಇದಾವೆ!" "ಜೋಗ ಅಲ್ಲಲ್ಲ!" ಎಂದು ನಲವತ್ತು ಮಕ್ಕಳೂ ಎದ್ದರು. ಜಲಜ ಒಬ್ಬೊಬ್ಬರ ಕೈಗೂ ಸೀಮೆಸುಣ್ಣ ಕೊಟ್ಟಳು. ಅರ್ಧ ಗಂಟೆಯಲ್ಲಿ ಮಕ್ಕಳೇ ಕರಿಹಲಗೆಯ ಮೇಲೆ ಸರಿಯಾದ ಶರಾವತಿಯನ್ನು ಬರೆದು ಸಮುದ್ರ ಸೇರಿಸಿದರು. ಸಾಹೇಬರು ಕುರ್ಚಿಯ ತುದಿಗೆ ಬಂದು ಕೂತಿದ್ದರು.

ಭೇಟಿ ಪುಸ್ತಕದಲ್ಲಿ ಅವರು ಬರೆದದ್ದು ಹೀಗೆ: 'ಶಿಕ್ಷಕಿಯು ತಾನು ಮೌನವಾಗಿದ್ದು, ಉದ್ದೇಶಪೂರ್ವಕವಾಗಿ ತಪ್ಪು ನಕ್ಷೆ ತಯಾರಿಸಿ, ಮಕ್ಕಳಿಂದಲೇ ತಿದ್ದಿಸಿದ ಕ್ರಮ ಶ್ಲಾಘನೀಯ.' ತಿಂಗಳೊಳಗೆ ಕಾಯಂ ಆದೇಶ ಬಂತು.

ಜಲಜಳ ದನಿ ಮಾತ್ರ ಭಾನುವಾರವೇ ಮರಳಿತ್ತು. ಮಂಗಳವಾರದಿಂದ ಬಾಕಿ ಉಳಿದಿದ್ದ ಮಾತುಗಳನ್ನೆಲ್ಲ ಅಂದೇ ಆಡಿ ಮುಗಿಸಿದಳು. ಕೊನೆಗೆ ನಾನು, "ಆದ್ರೂ ಆ ತಪ್ಪು ನಕ್ಷೆ ತಯಾರಾಗಿದ್ದು..." ಎಂದು ಶುರುಮಾಡಿದೆ. ಅವಳು ನೋಡಿದಳು. ನಾನು ಮುಗಿಸಲಿಲ್ಲ.

ಮರುವರ್ಷ ಸಾಹೇಬರು ಮತ್ತೆ ಬರುತ್ತಾರೆಂದು ಸುದ್ದಿಯಾಯಿತು. ಜಲಜ ತಾನೇ ನನ್ನ ಚೀಲಕ್ಕೆ ಬಟ್ಟೆ ತುಂಬಿದಳು. "ಸಾಗರದಲ್ಲಿ ನಿಮ್ಮ ಅಕ್ಕನ್ನ ನೋಡಿ ಎಷ್ಟು ದಿನ ಆತು! ನಾಲ್ಕು ದಿನ ಇದ್ದು ಬನ್ನಿ. ಅದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ," ಎಂದಳು.

ಹೋದೆ. ಅಕ್ಕನ ಮನೆಯಲ್ಲಿ ಮಗಳ ಸೀಮಂತದ ಗಡಿಬಿಡಿ. ಅಕ್ಕ ಪಾಪ ಒಬ್ಬಳೇ ಒದ್ದಾಡುತ್ತಿದ್ದಳು. ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಅಕ್ಕ, ಭಾವ ಇಬ್ಬರೂ ಬಂದು ನನ್ನನ್ನು ಹೊಸನಗರದ ಬಸ್ಸು ಹತ್ತಿಸಿದರು. ಬಸ್ಸು ಕಣ್ಮರೆಯಾಗುವವರೆಗೂ ಕೈ ಬೀಸುತ್ತ ಅಲ್ಲೇ ನಿಂತಿದ್ದರು. ಪ್ರೀತಿ ಎಂದುಕೊಂಡೆ. ಆಮೇಲೆ ತಿಳಿಯಿತು, ಭಾವ ಕಂಡಕ್ಟರನಿಗೆ ಹೇಳಿದ್ದರಂತೆ: "ಇವ್ರನ್ನ ನಡುವೆ ಎಲ್ಲೂ ಇಳಿಸ್ಬೇಡಿ ಮಾರಾಯ್ರೆ."