ಅಕ್ಕೋರ ಸೆರಗಿನ ಬಿಳಿಜೋಳ

ಬೇನೆ ಬಂದರೆ ಬರಲಿ, ಅದರ ಬೆನ್ನಿಗೆ ಫಜೀತಿಗಳೂ ಸಾಲುಗಟ್ಟಿ ಬರಬೇಕೇ? ನನಗಂತೂ ಬಂದವು.

ಅರವತ್ತರ ದಶಕದ ಮಾತು. ನಾನು ಇಂಡಿ ಊರಿನ ಹೆಣ್ಣುಮಕ್ಕಳ ಸಾಲಿಯಲ್ಲಿ ಮೂರನೇ ಇಯತ್ತೆಗೆ ಪಾಠ ಹೇಳುವ ಅಕ್ಕೋರು. ನನ್ನ ಒಬ್ಬಳೇ ಮಗಳೂ ಅದೇ ವರ್ಗದಲ್ಲಿ ಓದುತ್ತಿದ್ದಳು. ಎದೆಯಲ್ಲಿ ಗಂಟು ಕಾಣಿಸಿ, ಸೊಲ್ಲಾಪುರದಲ್ಲಿ ನನ್ನ ಬಲ ಮೊಲೆಯನ್ನೇ ತೆಗೆದರು. ಆಮೇಲೆ ಮುಂಬಯಿಯಿಂದ ತರಿಸಿದ ಹೊಸ ಔಷಧದ ಸೂಜಿ, ಮೂರು ವಾರಕ್ಕೊಮ್ಮೆ. ಕ್ಯಾನ್ಸರ್ ಎಂದರೆ ಅಂಟುರೋಗವೆಂದೇ ಆಗ ಜನ ತಿಳಿದಿದ್ದರು. ಗೊತ್ತಾದರೆ ನನ್ನನ್ನು ಸಾಲಿಯ ಹೊಸ್ತಿಲು ತುಳಿಯಗೊಡುತ್ತಿರಲಿಲ್ಲ. ನನ್ನವರು ಮಾಮಲೇದಾರ ಕಚೇರಿಯ ಕಾರಕೂನರು. ಅವರೊಬ್ಬರ ಪಗಾರದಲ್ಲಿ ಮನೆಯೂ ನಡೆದು, ನನಗೆ ಸೂಜಿಯೂ ಬೀಳುವುದು ಆಗದ ಮಾತು. ನೌಕರಿ ಉಳಿದರೆ ನಾನು ಉಳಿದೇನು ಅಂತ ಬಾಯಿ ಹೊಲಿದುಕೊಂಡೆ.

ಝಳಕಿಯ ಬಸ್ಸು

ಶನಿವಾರ ಸಾಲಿ ಬಿಟ್ಟ ಮೇಲೆ ಸೊಲ್ಲಾಪುರಕ್ಕೆ ಹೋಗಿ, ರವಿವಾರ ತಿರುಗಿ ಬರುತ್ತಿದ್ದೆ. ಮೊದಲ ಸೂಜಿಯ ಮರುದಿನ ಬಸ್ಸು ಝಳಕಿಗೆ ಬರುವಷ್ಟರಲ್ಲಿ ಕಿಟಕಿಯಾಚೆ ಕಾರಿಕೊಂಡೆ. ಪಕ್ಕದ ಮುದುಕಿ ಗಂಟು ಬಿಚ್ಚಿ ನನ್ನ ಕೈಗೆ ಹುಣಸೆಹಣ್ಣು ಇಟ್ಟಳು.

“ಎಷ್ಟ ತಿಂಗಳಾದ್ವು ತಂಗಿ?”

ಹಿಂದಿನ ಸೀಟಿನಲ್ಲಿದ್ದ ನಮ್ಮೂರ ಹೆಂಗಸರು ಕಿವಿ ನಿಮಿರಿಸಿದರು. ನಾನು ಹುಣಸೆಹಣ್ಣು ಚೀಪಿದೆ. ಸೋಮವಾರ ಸಾಲಿಗೆ ಹೋದರೆ ದೊಡ್ಡ ಅಕ್ಕೋರು, ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿ, ಹೆರಿಗೆ ರಜೆಯ ಫಾರ್ಮು ಹಿಡಿದು ನಿಂತಿದ್ದಾರೆ!

“ಇಂಥಾ ಸಿಹಿ ಸುದ್ದಿ ಯಾಕ ಮುಚ್ಚಿಟ್ರಿ? ಈ ಸಲ ಗಂಡಾಗ್ಲಿ!”

ಫಾರ್ಮು ಇಸಕೊಂಡು ಚೀಲಕ್ಕೆ ಹಾಕಿಕೊಂಡೆ. ಆ ದಿನದಿಂದ ನನ್ನ ವಾಂತಿ, ಸುಸ್ತು ಎಲ್ಲ ಮಾಫಿ. ಅವರು ಮಾತ್ರ ತಿಂಗಳಿಗೊಮ್ಮೆ ನನ್ನ ಹೊಟ್ಟೆ ನೋಡಿ ಬೆರಳು ಮಡಿಚುತ್ತಿದ್ದರು. ಒಂದು ದಿನ ಬೆರಳು ಸಾಲದಾಗಿ ಸಿಟ್ಟಿಗೆದ್ದರು.

“ಹನ್ನೊಂದ ತಿಂಗಳಾತಲ್ರಿ! ಆನಿ ಹಡೀತೀರೇನು?”

ಆಲಮೇಲದ ಕಾಕು

ಅಷ್ಟರಲ್ಲಿ ತಲೆಗೂದಲೆಲ್ಲ ಉದುರಿ ಹೋಗಿತ್ತು. ಕೊನೆಯ ಎಳೆ ಬಾಚಣಿಕೆಗೆ ಬಂದ ದಿನ ಬಾಗಿಲು ಹಾಕಿಕೊಂಡು ಅತ್ತಿದ್ದೆ. ಹೊರಗೆ ಹೋಗುವಾಗ ತಲೆ ತುಂಬ ಸೆರಗು ಇರುತ್ತಿತ್ತು. ನಮ್ಮ ಕಡೆ ಅದು ರೂಢಿಯೇ, ಯಾರಿಗೂ ಸಂಶಯ ಬರಲಿಲ್ಲ. ಒಂದು ರವಿವಾರ ಮನೆಯಲ್ಲಿ ಬೋಳುತಲೆಯಲ್ಲೇ ಅಕ್ಕಿ ಆರಿಸುತ್ತ ಕೂತಿದ್ದೆ. ಆಲಮೇಲದಿಂದ ನನ್ನವರ ಕಾಕು, ಅಂದರೆ ಚಿಕ್ಕಮ್ಮ, ಹೇಳದೆ ಕೇಳದೆ ಒಳಗೆ ಬಂದರು. ನಮ್ಮ ಬ್ರಾಹ್ಮಣರ ಮನೆಗಳಲ್ಲಿ ಗಂಡ ಸತ್ತವರ ತಲೆ ಬೋಳಿಸುತ್ತಿದ್ದ ಕಾಲ ಅದು. ಕಾಕು ಕೈಚೀಲ ಒಗೆದು ಎದೆ ಬಡಿದುಕೊಂಡರು.

“ಅಯ್ಯ ನನ್ನವ್ವಾ! ನಮ್ಮ ಹುಡುಗ ಹೋದನಲ್ಲೋ! ಒಂದು ತಾರು ಸುದ್ದಾ ಕೊಡಲಿಲ್ಲಲ್ಲೋ!”

ಕಚೇರಿಗೆ ಹೋದವರಿಗೇ ಏನೋ ಆಯಿತು ಅಂತ ನಾನೂ ಅಳಲು ಶುರು ಮಾಡಿದೆ. ಅಂದು ರವಿವಾರ ಎನ್ನುವುದೇ ಮರೆತುಹೋಗಿತ್ತು! ಓಣಿಯ ಹೆಂಗಸರೆಲ್ಲ ಓಡಿ ಬಂದು ಅಳು ಕೂಡಿಸಿದರು. ಆಗ ನನ್ನವರು ಒದ್ದೆ ಪಂಚೆಯಲ್ಲಿ ಬಚ್ಚಲಿನಿಂದ ಹೊರಗೆ ಬಂದರು.

“ಯಾರ ಹೋದ್ರು?”

“ನೀನ!” ಅಂತ ಕಾಕು ಕಿರುಚಿದರು.

“ಅವಸರ ಮಾಡಬ್ಯಾಡ ಕಾಕು, ನಂದಿನ್ನೂ ಊಟ ಆಗಿಲ್ಲ.”

ಸಾಹೇಬರ ಶೇರಾ

ಅಂದು ಓಡಿ ಬಂದವರು ನನ್ನ ಬೋಳುತಲೆ ನೋಡಿಯೇ ಬಿಟ್ಟಿದ್ದರು. ಯಾರೋ ಪುಣ್ಯಾತ್ಮರು ಸಾಲಿಗಳ ಇನ್ಸ್‌ಪೆಕ್ಟರ್ ಸಾಹೇಬರಿಗೆ ಹೆಸರಿಲ್ಲದ ಅರ್ಜಿ ಬರೆದರು: ಈ ಅಕ್ಕೋರಿಗೆ ಅಂಟುರೋಗ ಐತಿ, ಕೈಲಾಗಂಗಿಲ್ಲ, ಮಕ್ಕಳಿಂದ ದೂರ ಇಡ್ರಿ. ಸಾಹೇಬರು ನೇರ ನನ್ನ ವರ್ಗಕ್ಕೇ ಬಂದರು.

ಇಲ್ಲೊಂದು ಗುಟ್ಟು ಹೇಳಬೇಕು. ಖಾಲಿಯಾದ ಬಲಗಡೆಗೆ ನಾನು ಕುಪ್ಪಸದೊಳಗೆ ಒಂದು ಅರಿವೆಯ ಚೀಲ ಇಟ್ಟುಕೊಳ್ಳುತ್ತಿದ್ದೆ. ಅರಳೆ ತುಂಬಿದರೆ ಹಗುರಾಗಿ ಕೊರಳವರೆಗೆ ಏರುತ್ತಿತ್ತು. ಅದಕ್ಕೇ ತೂಕಕ್ಕೆಂದು ಬಿಳಿಜೋಳ ತುಂಬಿದ್ದೆ. ಆಪರೇಶನ್ ಆದಮೇಲೆ ನನ್ನ ಬಲಗೈ ಸರಿಯಾಗಿ ಏಳದ್ದರಿಂದ ಚೀಲ ಹೊಲಿದವಳು ಮಗಳು. ಹೊಲಿಗೆ ಸಡಿಲಾಗಿತ್ತು, ಆದರೆ ಅವಳಿಗೆ ಹೊಲಿಗೆ ಕಲಿಸಿದವಳು ನಾನು. ಯಾರನ್ನು ಬಯ್ಯಲಿ?

“ಬೋರ್ಡಿನ ಮ್ಯಾಲ ಎತ್ತರಕ್ಕ ಒಂದ ಲೆಕ್ಕ ಬರೀರಿ ನೋಡೋಣ” ಅಂದರು ಸಾಹೇಬರು.

ಹಲ್ಲು ಕಚ್ಚಿ ಬಲಗೈ ಎತ್ತಿದೆ. ಒಳಗೆ ಟರ್ರ್ ಅಂದಿತು. ಸೆರಗಿನ ಕೆಳಗಿಂದ ಜೋಳ ಸುರಿಯತೊಡಗಿತು. ಸಾಹೇಬರ ಬೂಟಿನ ಮೇಲೂ ಬಿತ್ತು. ಅಂಗಳದಲ್ಲಿದ್ದ ಜವಾನನ ಕೋಳಿಗಳು ಒಳಗೆ ನುಗ್ಗಿದವು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ನೌಕರಿ ಹೋಯಿತು, ಸೂಜಿ ಹೋಯಿತು, ನಾನೂ ಹೋದೆ.

“ಏನ್ರಿ ಇದು?” ಸಾಹೇಬರು ಕಣ್ಣು ಬಿಟ್ಟರು.

ನನ್ನ ಮಗಳು ಎದ್ದು ನಿಂತಳು. “ಲೆಕ್ಕದ ಕಾಳ್ರಿ ಸಾಹೇಬ್ರ! ಹತ್ತ ಹತ್ತು ಎಣಸಾಕ ಅಕ್ಕೋರು ದಿನಾ ತರ್ತಾರ್ರಿ.”

“ಸೆರಗಿನ್ಯಾಗ?”

“ಹೊರಗಿಟ್ರ ಕೋಳಿ ತಿಂತಾವ್ರಿ!”

ಅಷ್ಟು ಅಂದವಳೇ ನೆಲಕ್ಕೆ ಕೂತು “ಒಂದು, ಎರಡು” ಎಣಿಸತೊಡಗಿದಳು. ಉಳಿದ ಹುಡುಗಿಯರೂ ಕೋಳಿ ಓಡಿಸುತ್ತ ಕೂತು ಎಣಿಸಿದರು. ನಾನು ಬೋರ್ಡಿನ ಕಡೆ ಮುಖ ಮಾಡಿ ಕಣ್ಣೀರು ಒರೆಸಿಕೊಂಡೆ. ಆ ಕೂಸನ್ನು ಅಲ್ಲೇ ಅಪ್ಪಿಕೊಳ್ಳಬೇಕು ಅನಿಸಿತು. ಆದರೆ ಅಪ್ಪಿಕೊಂಡಿದ್ದರೆ ಉಳಿದ ಜೋಳವೂ ಸುರಿಯುತ್ತಿತ್ತು.

ಸಾಹೇಬರು ಶೇರಾ ಪುಸ್ತಕ ತರಿಸಿ ತಮ್ಮ ಅಭಿಪ್ರಾಯ ಬರೆದು ಹೋದರು. ಮರುದಿನ ದೊಡ್ಡ ಅಕ್ಕೋರು ಅದನ್ನು ಎಲ್ಲ ಶಿಕ್ಷಕಿಯರ ಮುಂದೆ ಗಟ್ಟಿಯಾಗಿ ಓದಿ, ಒಬ್ಬೊಬ್ಬರಿಂದಲೂ ಸಹಿ ಹಾಕಿಸಿಕೊಂಡರು:

“ಅರ್ಜಿ ಸುಳ್ಳು. ಶಿಕ್ಷಕಿಯವರು ಸಶಕ್ತರಿದ್ದಾರೆ. ಪಾಠೋಪಕರಣವನ್ನು ಸ್ವತಃ ತಯಾರಿಸಿ ಸದಾ ಮೈಮೇಲೆ ಇಟ್ಟುಕೊಂಡಿರುತ್ತಾರೆ. ಇತರ ಶಿಕ್ಷಕಿಯರೂ ಇದನ್ನು ತಪ್ಪದೆ ಅನುಸರಿಸತಕ್ಕದ್ದು.”