ಶಾಲು ಹೊದ್ದ ಹರಿಗೋಲು

ಬಹಳ ಹಿಂದೆ, ಅಂದರೆ ಮೂರ್ಖತನಕ್ಕೂ ಪತ್ರಿಕಾಗೋಷ್ಠಿ ಕರೆಯುವ ಪದ್ಧತಿ ಆಗತಾನೇ ಶುರುವಾಗಿದ್ದ ಕಾಲದಲ್ಲಿ, ಸನ್ಮಾನಪುರಿ ಎಂಬ ರಾಜ್ಯವಿತ್ತು. ಶ್ರೀಮನ್ಮಹಾರಾಜ ಪ್ರಶಸ್ತಿವರ್ಧನರು ಅದನ್ನು ಆಳುತ್ತಿದ್ದರು. ಆಳುತ್ತಿದ್ದರು ಎಂದರೆ, ಬೆಳಗ್ಗೆ ಸ್ನಾನವಾದ ಮೇಲೆ ಯಾರಿಗಾದರೂ ಶಾಲು ಹೊದಿಸುತ್ತಿದ್ದರು. ಯಾರೂ ಸಿಗದ ದಿನ ತಾವೇ ಹೊದ್ದುಕೊಳ್ಳುತ್ತಿದ್ದರು.

ಆ ರಾಜ್ಯದಲ್ಲಿ ವ್ಯಾಪಾರಸ್ಥನ ಯೋಗ್ಯತೆಗೆ ಇದ್ದದ್ದು ಒಂದೇ ಮಾನದಂಡ, ಅವನ ಹೆಗಲ ಮೇಲೆ ಬಿದ್ದ ಶಾಲುಗಳು. ಅರಮನೆಯ ಗುತ್ತಿಗೆ ಬೇಕಾದವರು ತಮ್ಮ ಶಾಲುಗಳನ್ನೆಲ್ಲ ಗಂಟು ಕಟ್ಟಿ ತಂದು ಆಸ್ಥಾನದ ತಕ್ಕಡಿಗೆ ಹಾಕಬೇಕು. ಯಾರ ಗಂಟು ಭಾರವೋ ಅವರಿಗೆ ಗುತ್ತಿಗೆ. ಇದಕ್ಕೆ ಪಾರದರ್ಶಕ ಟೆಂಡರ್ ಪ್ರಕ್ರಿಯೆ ಎಂದು ಹೆಸರು. ತಕ್ಕಡಿ ಎಲ್ಲರ ಕಣ್ಣಿಗೂ ಕಾಣುತ್ತಿತ್ತಲ್ಲ, ಇನ್ನೇನು ಬೇಕು?

ಈ ತಕ್ಕಡಿಯ ಮುಂದೆ ಸೋಲನ್ನೇ ಕಾಣದವರು ಉದ್ಯಮರತ್ನ ಸರ್ವೋತ್ತಮಯ್ಯನವರು. ಅವರು ಎಣ್ಣೆ ಗಿರಣಿ ಉದ್ಘಾಟಿಸಿದ್ದರು, ಅದು ತಿರುಗಲಿಲ್ಲ. ಸಕ್ಕರೆ ಕಾರ್ಖಾನೆಗೆ ಅಡಿಗಲ್ಲು ಹಾಕಿದ್ದರು, ಕಲ್ಲು ಹಾಗೇ ಉಳಿದಿತ್ತು. ಸನ್ಮಾನ ಮಾತ್ರ ಒಮ್ಮೆಯೂ ತಪ್ಪಿರಲಿಲ್ಲ, ಏಕೆಂದರೆ ಸನ್ಮಾನ ಮಾಡುವ ಸಂಘಗಳಿಗೆಲ್ಲ ಅವರೇ ಅಧ್ಯಕ್ಷರು. ಇಷ್ಟೊಂದು ಶಾಲು ಹೊದಿಸಿಕೊಂಡವರು ಏನಾದರೂ ಸಾಧಿಸಿರಲೇಬೇಕು ಎಂದು ಜನ ನಂಬಿದ್ದರು. ಎಲ್ಲರೂ ನಂಬಿದ್ದರಿಂದ, ಏನು ಸಾಧಿಸಿದ್ದಾರೆ ಎಂದು ಕೇಳುವುದು ಅಸಭ್ಯತೆ ಎನಿಸಿಕೊಂಡಿತ್ತು. ನನ್ನನ್ನು ಕೇಳಿದರೆ, ಹೆಸರು ಒಮ್ಮೆ ಓಡಲು ಶುರು ಮಾಡಿತೆಂದರೆ ಅದರ ಜೊತೆಗೆ ಮನುಷ್ಯ ಇರಲೇಬೇಕೆಂದೇನಿಲ್ಲ.

ರಾಜಧಾನಿಯ ಮಗ್ಗುಲಲ್ಲೊಂದು ಹೊಳೆ. ಸಂತೆಗೆ ಹೋಗಿಬರುವವರನ್ನು ದಾಟಿಸುತ್ತಿದ್ದವಳು ಹಾಲವ್ವ. ಬಿದಿರು ಹೆಣೆದು, ತೊಗಲು ಹೊದಿಸಿ, ಡಾಂಬರು ಬಳಿದು ಹರಿಗೋಲು ಕಟ್ಟುವುದೂ ಅದನ್ನು ನಡೆಸುವುದೂ ಅವಳೇ. ಬಾಯಿ ಜೋರು, ಜಗಳಗಂಟಿ. ತನ್ನ ಹಾಗೆ ಹರಿಗೋಲು ಕಟ್ಟುವವರು ಭೂಮಿಯ ಮೇಲೆ ಯಾರೂ ಇಲ್ಲವೆಂದು ತಾನೇ ಹೇಳಿಕೊಂಡು ತಿರುಗುತ್ತಿದ್ದಳು. ಅದು ನಿಜವಾದ್ದರಿಂದ ಜನ ಸಹಿಸಿಕೊಂಡಿದ್ದರು. ಆ ಹರಿಗೋಲೇ ಅವಳ ಅನ್ನ.

ಹೀಗಿರುವಾಗ ಮಹಾರಾಜರಿಗೆ ಹೊಳೆ ದಾಟಿಸುವುದಕ್ಕೂ ಟೆಂಡರ್ ಕರೆಯಬೇಕೆಂಬ ಜ್ಞಾನೋದಯವಾಯಿತು. ಸರ್ವೋತ್ತಮಯ್ಯನವರು ಎತ್ತಿನ ಗಾಡಿಯಲ್ಲಿ ಗಂಟು ತಂದರು. ಹಾಲವ್ವ ಬರಿಗೈಯಲ್ಲಿ ಬಂದಳು.

"ನಿನ್ನ ಸಾಧನೆ ಎಲ್ಲಿ?" ಎಂದು ಮಂತ್ರಿ ಅಹುದಹುದಯ್ಯನವರು ಅವಳನ್ನು ಕೇಳಿದರು.

"ಹೊಳಿಯಾಗ ಐತ್ರೀ. ತೇಲಾಕತ್ತೈತಿ, ಬಂದು ನೋಡ್ರಿ."

"ಹೊಳೆಯಲ್ಲಿರುವುದನ್ನು ತೂಗಲು ನಿಯಮದಲ್ಲಿ ಅವಕಾಶವಿಲ್ಲ," ಎಂದರು ಮಂತ್ರಿಗಳು. ಗುತ್ತಿಗೆ ಸರ್ವೋತ್ತಮಯ್ಯನವರಿಗಾಯಿತು.

ಉದ್ಯಮರತ್ನರು ಕೈಮುಗಿದು ನಿಂತರು. "ಪ್ರಭು, ತೊಗಲು, ಡಾಂಬರು ಎಂದರೆ ನಮ್ಮ ಬ್ರ್ಯಾಂಡಿಗೆ ಶೋಭೆಯಲ್ಲ. ನನ್ನ ಹರಿಗೋಲಿಗೆ ನನ್ನ ಶಾಲುಗಳನ್ನೇ ಹೊದಿಸುತ್ತೇನೆ. ಜರಿ ಅಂಚು ಹೊರಗೆ ಕಾಣುವ ಹಾಗೆ."

ಮಹಾರಾಜರ ಕಣ್ಣಲ್ಲಿ ನೀರಾಡಿತು. "ಆಹಾ! ಕೀರ್ತಿಯೇ ತೇಲಿಸುತ್ತದಲ್ಲವೇ?"

"ತೇಲಿಸದೆ ಇನ್ನೇನು ಪ್ರಭು?" ಎಂದರು ಮಂತ್ರಿಗಳು. "ಇಷ್ಟು ವರ್ಷ ಇವರನ್ನು ತೇಲಿಸಿದ್ದು ಅದೇ ಅಲ್ಲವೇ?"

ಹಾಲವ್ವನಿಗೆ ತಡೆಯಲಾಗಲಿಲ್ಲ. "ಧಣ್ಯಾರ, ಹೊಳಿಗೆ ನಿಮ್ಮ ಸನ್ಮಾನ ತಿಳಿಯಂಗಿಲ್ರೀ. ಅರಿವಿ ಅಂದ್ರ ನೀರು ಕುಡೀತೈತಿ. ಮಂದಿ ಮುಳುಗಿ ಸಾಯ್ತಾರ!"

ಬಟ್ಟೆ ನೀರು ಕುಡಿಯುತ್ತದೆಂದು ಆಸ್ಥಾನದಲ್ಲಿ ಗೊತ್ತಿಲ್ಲದವರಿರಲಿಲ್ಲ. ಎಲ್ಲರೂ ಆ ಬೆಳಗ್ಗೆ ಟವೆಲ್ಲಿನಲ್ಲಿ ಮೈ ಒರೆಸಿಕೊಂಡೇ ಬಂದವರು. ಆದರೂ ಒಬ್ಬರೂ ಬಾಯಿ ಬಿಡಲಿಲ್ಲ, ಏಕೆಂದರೆ ಎಲ್ಲರ ಮನೆಯಲ್ಲೂ ಒಂದೊಂದು ಶಾಲಿನ ಗಂಟು ಇತ್ತು. ನನಗೆ ಸಿಟ್ಟು ಬರುವುದು ಈ ಜನರ ಮೇಲೆಯೇ. ಹಾಲವ್ವನನ್ನು ನಕಾರಾತ್ಮಕ ಚಿಂತನೆಯ ಆರೋಪದ ಮೇಲೆ ಹೊರಗೆ ಹಾಕಲಾಯಿತು.

ಸಂತೆಯ ದಿನ ಲೋಕಾರ್ಪಣೆ. ವಾದ್ಯ ಮೊಳಗಿತು, ಮಹಾರಾಜರು ಹಸಿರು ಬಾವುಟ ತೋರಿಸಿದರು. ಜನ ಬುಟ್ಟಿ, ಕೋಳಿ, ಮಡಕೆಗಳ ಸಮೇತ ಶಾಲಿನ ಹರಿಗೋಲು ಹತ್ತಿದರು. ಸರ್ವೋತ್ತಮಯ್ಯನವರು ಹತ್ತಲಿಲ್ಲ, ದಡದಲ್ಲಿ ಸಂದರ್ಶನ ಕೊಡುತ್ತಿದ್ದರು. ಅವರು ತಮ್ಮ ಯಶಸ್ಸಿನ ಗುಟ್ಟು ಹೇಳಿ ಮುಗಿಸುವ ಮೊದಲೇ ಹರಿಗೋಲು ಹೊಳೆಯ ನಡುವೆ ಕುಸಿದು ಕಣ್ಮರೆಯಾಯಿತು. ಹಾಲವ್ವ ಬೈಯುತ್ತಲೇ ತನ್ನ ಹರಿಗೋಲು ನೂಕಿಕೊಂಡು ಹೋದಳು. ಕೂದಲು ಸಿಕ್ಕವರನ್ನು ಕೂದಲು ಹಿಡಿದು, ರಟ್ಟೆ ಸಿಕ್ಕವರನ್ನು ರಟ್ಟೆ ಹಿಡಿದು ಎಲ್ಲರನ್ನೂ ಎಳೆದು ತಂದು ದಡಕ್ಕೆ ಹಾಕಿದಳು. ಸಂತೆಯ ಸಾಮಾನೆಲ್ಲ ಹೊಳೆಪಾಲಾಯಿತು.

"ಏನಾಯಿತು?" ಎಂದರು ಮಹಾರಾಜರು.

"ಹರಿಗೋಲು ಮುಳುಗಿಲ್ಲ ಪ್ರಭು," ಎಂದರು ಮಂತ್ರಿಗಳು. "ಹೊಳೆ ಅದರ ಮೇಲಕ್ಕೆ ಬಂದಿದೆ."

"ಇದು ಪೈಲಟ್ ಯೋಜನೆ," ಎಂದು ಸರ್ವೋತ್ತಮಯ್ಯನವರು ವಿವರಿಸಿದರು. "ಕಲಿಕೆಯ ದೃಷ್ಟಿಯಿಂದ ಭಾರೀ ಯಶಸ್ಸು."

ಮಹಾರಾಜರು ಅಲ್ಲಿಯೇ ಅವರಿಗೆ ಹೊಸ ಶಾಲು ಹೊದಿಸಿ 'ಜಲಸಾಮ್ರಾಟ' ಎಂಬ ಬಿರುದು ಕೊಟ್ಟರು. ಅನ್ಯರ ಗುತ್ತಿಗೆಯ ಹೊಳೆಯಲ್ಲಿ ಪರವಾನಗಿಯಿಲ್ಲದೆ ಜನ ಸಾಗಿಸಿದ ಅಪರಾಧಕ್ಕಾಗಿ ಹಾಲವ್ವನ ಹರಿಗೋಲನ್ನು ಜಪ್ತಿ ಮಾಡಿ ಜಲಸಾಮ್ರಾಟರಿಗೇ ವಹಿಸಲಾಯಿತು. ನೀರುಪಾಲಾದ ಶಾಲುಗಳ ನಷ್ಟ ತುಂಬಲು ಹೊಳೆ ದಾಟುವ ದರ ಏರಿತು. ಹರಿಗೋಲಿನ ಮೇಲೆ ಸರ್ವೋತ್ತಮಯ್ಯನವರ ನಗುಮುಖದ ಚಿತ್ರ ಬಂತು. ಅದು ಚೆನ್ನಾಗಿಯೇ ತೇಲಿತು.

"ನೋಡ್ರಿ, ಹೆಸರಾದವರ ಕೆಲಸ ಅಂದ್ರ ಹಿಂಗಿರ್ತೈತಿ," ಎಂದು ಅದರಲ್ಲಿ ಕೂತವರು ಮಾತಾಡಿಕೊಂಡರು. ಹಾಲವ್ವ ಕೂದಲು ಹಿಡಿದು ಎಳೆದವರೂ ಅವರಲ್ಲಿದ್ದರು.

ಮುಂದಿನ ಸಂತೆ ಮುಗಿಸಿ ಹೊಳೆಯಾಚೆಯ ಮನೆಗೆ ಹೊರಟ ಹಾಲವ್ವನನ್ನು ಹರಿಗೋಲಿನ ಬಳಿ ಟಿಕೆಟಿನವನು ಅಡ್ಡಗಟ್ಟಿದ.

"ಇದು ನಾ ಕಟ್ಟಿದ್ದೋ ತಮ್ಮಾ. ಹೊಲಿಗಿ ನೋಡು, ನಂದ ಕೈ."

"ಇರಬಹುದು ಯಕ್ಕಾ. ಮೊದ್ಲ ಟಿಕೆಟ್ ತಗೋ."

"ಹಂಗಾರ ಈಜ್ಕೊಂತ ಹೋಗ್ತೀನಿ, ಬಿಡು."

"ಈಜೋರಿಗೂ ಅದ ರೇಟು ಯಕ್ಕಾ. ಮುಂಜಾನೆ ಆರ್ಡರ್ ಬಂದೈತಿ."

ಹಾಲವ್ವ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟು, ಹರಿಗೋಲು ಹತ್ತಿ ಕೂತಳು.